ಹುಡಿಯೋ, ಹಿಟ್ಟೋ? ಕುಕ್ಕಿಯ ಮುದ್ದೆಗೆ ಏನನ್ನುತ್ತೀರಿ?

ಎಲ್ಲರಿಗೂ ನಮಸ್ಕಾರ. ಉಡುಪಿಯ ನಮ್ಮ ಅಡುಗೆಮನೆಯಲ್ಲಿ ಹುಟ್ಟಿದ ಪ್ರಶ್ನೆ ಇದು.

ಹಾಸನದ ಅತ್ತಿಗೆ ಓಟ್ಸ್ ಚಾಕೊಲೇಟ್ ಚಿಪ್ ಕುಕ್ಕಿ ಮಾಡುವ ಕ್ರಮ ಬರೆದು ಕಳಿಸಿದ್ದರು. ಬೆಣ್ಣೆ 100 ಗ್ರಾಂ, ಬೆಲ್ಲದ ಪುಡಿ 100 ಗ್ರಾಂ, ಒಂದು ಮೊಟ್ಟೆ, ಮೈದಾ, ಆಮೇಲೆ ‘ಓಟ್ಸ್ ಹಿಟ್ಟು ಒಂದು ಕಪ್’. ಅಮ್ಮ ಅದನ್ನು ಓದಿ ಓಟ್ಸನ್ನು ನೆನೆಹಾಕಿದರು. ಮಿಕ್ಸಿಯಲ್ಲಿ ನುಣ್ಣಗೆ ಕಡೆದರು. ಓವನ್ನಿನಲ್ಲಿ ಎಲ್ಲ ಹರಡಿಕೊಂಡು, ಟ್ರೇ ತುಂಬ ಒಂದೇ ಹಾಳೆ ಆಯಿತು.

ಅಮ್ಮನದು ತಪ್ಪು ಅಂತ ನನಗೆ ಅನಿಸುವುದಿಲ್ಲ. ನಮ್ಮ ಮನೆಯಲ್ಲಿ ಒಣಗಿದ್ದೆಲ್ಲ ಹುಡಿ: ಅಕ್ಕಿ ಹುಡಿ, ಗೋಧಿ ಹುಡಿ, ಚಾ ಹುಡಿ. ನೀರು ಬಿದ್ದ ಮೇಲೆಯೇ ಅದು ಹಿಟ್ಟು. ಅತ್ತಿಗೆಯ ಕಡೆ ಡಬ್ಬಿಯಲ್ಲಿರುವ ರಾಗಿಯದೂ ಹಿಟ್ಟು, ಹುದುಗು ಬಂದ ದೋಸೆಯದೂ ಹಿಟ್ಟು. ಪಕ್ಕದ ಮನೆಯವರು ತುಳುವಿನಲ್ಲಿ ರುಬ್ಬಿದ್ದಕ್ಕೆ ‘ಬಂದ’ ಅನ್ನುತ್ತಾರೆ. ಅಲ್ಲಿ ಗೊಂದಲವೇ ಇಲ್ಲ, ಅಲ್ವಾ?

ಹಳಗನ್ನಡದ ಪಿಟ್ಟು ನಮಗೆ ಹಿಟ್ಟಾಗಿದೆ, ಪಾಲು ಹಾಲಾದ ಹಾಗೆ. ಮಲಯಾಳದ ಪುಟ್ಟು ಇದರದೇ ನಂಟು. ಪುಡಿ ಮಾತ್ರ ಇಂದಿನ ಪುಸ್ತಕದ ಕನ್ನಡದಲ್ಲಿ ಹೆಚ್ಚಾಗಿ ಪಕಾರವನ್ನು ಉಳಿಸಿಕೊಂಡಿದೆ. ಕರಾವಳಿಯಲ್ಲಿ ಅದೂ ಹುಡಿಯಾಯಿತು. ಈ ಹುಡಿ–ಹಿಟ್ಟು ಭೇದ ತುಂಬ ಉಪಯೋಗದ್ದು. ಅಡುಗೆ ಬರೆಯುವವರು ಇದನ್ನು ‘ಪ್ರಾದೇಶಿಕ’ ಅಂತ ಬದಿಗಿಡಬಾರದು.

ಇನ್ನು ನನ್ನ ಪ್ರಶ್ನೆ. ಬೆಣ್ಣೆ, ಬೆಲ್ಲ, ಮೈದಾ, ಓಟ್ಸ್, ಚಿಪ್ ಎಲ್ಲ ಸೇರಿಸಿದ ಮೇಲೆ ಸಿಗುವ ಮುದ್ದೆಗೆ ಏನನ್ನಬೇಕು? ಅದು ತುಳುವಿನ ‘ಬಂದ’ ಅಲ್ಲ, ಸುರಿಯಲು ಬರುವುದಿಲ್ಲ. ಕಣಕ ಅಂತ ಕೆಲವರು ಬರೆಯುತ್ತಾರೆ. ಅದು ಸರಿಯಲ್ಲ. ಹೋಳಿಗೆಯ ಕಣಕವನ್ನು ಚೆನ್ನಾಗಿ ನಾದಬೇಕು, ಎಳೆದರೆ ಹಿಗ್ಗಬೇಕು. ಇದನ್ನು ನಾದಲೇಬಾರದು. ಜಾಸ್ತಿ ನಾದಿದರೆ ಮೈದಾದ ಅಂಟು ಬಿಗಿಯಾಗಿ ಕುಕ್ಕಿ ಗಟ್ಟಿಯಾಗುತ್ತದೆ. ಎರಡನೇ ಸಲ ಒಣ ಓಟ್ಸ್ ಹುಡಿ ಮಾಡಿ ಹಾಕಿದೆವು. ಬೆರಳಿಗೆ ಬೆಣ್ಣೆಯ ಜಿಡ್ಡು ಹತ್ತಿತು, ಅಂಗೈಯಲ್ಲಿ ಒತ್ತಿದರೆ ನಿಂತಿತು, ಎಳೆದರೆ ಪಟ್ಟನೆ ತುಂಡಾಯಿತು. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, 180 ಡಿಗ್ರಿಯಲ್ಲಿ 12 ನಿಮಿಷ ಬೇಯಿಸಿದೆವು. ಅಂಚು ಗರಿಗರಿ, ನಡುವೆ ಮೆತ್ತಗೆ.

ಅಮ್ಮ ಮುಟ್ಟಿ ನೋಡಿ, "ಇದು ರವೆ ಉಂಡೆ ಕಟ್ಟುವ ಹದ" ಎಂದರು. ಹದಕ್ಕೆ ಮಾತು ಸಿಕ್ಕಿತು, ವಸ್ತುವಿಗೆ ಇನ್ನೂ ಹೆಸರಿಲ್ಲ. ಸದ್ಯ ‘ಉಂಡೆ ಹಿಟ್ಟು’ ಅಂತ ಬರೆದಿಟ್ಟಿದ್ದೇನೆ. ಕುಂದಾಪುರ, ಪುತ್ತೂರು, ಕಾಸರಗೋಡು ಕಡೆಯವರ ಮನೆಮಾತಿನಲ್ಲಿ, ನಾದದೆ ಸುಮ್ನೆ ಕೂಡಿಸಿದ ಇಂಥ ಮುದ್ದೆಗೆ ಒಂದೇ ಪದ ಇದೆಯೇ? ಇದ್ದರೆ ಯಾವ ತಿಂಡಿಗೆ ಬಳಸುತ್ತೀರಿ ಎಂಬುದನ್ನೂ ದಯವಿಟ್ಟು ಬರೆಯಿರಿ.