ಮೂರು ವ್ಯಂಜನ ತಾಳೆಯಾದರೆ ಗ್ರಂಥ ಹಳೆಯದಾಗುತ್ತದಾ?

ತುಂಗಾತೀರ
ಕೆಲವು ತಿಂಗಳಿಂದ ಮಾರ್ಮನ್ ಗ್ರಂಥದ ಬಗ್ಗೆ ಓದುತ್ತಿದ್ದೇನೆ. ಗೊತ್ತಿಲ್ಲದವರಿಗೆ ಎರಡು ಮಾತು. ಮಾರ್ಮನ್ ಸಭೆ ಕಟ್ಟಿದ ಜೋಸೆಫ್ ಸ್ಮಿತ್ 1830ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಪಾಲ್ಮೈರಾದಲ್ಲಿ ಇದನ್ನು ಅಚ್ಚು ಹಾಕಿಸಿದರು. ದೇವದೂತ ತೋರಿಸಿದ ಚಿನ್ನದ ತಗಡುಗಳಲ್ಲಿ ಇದ್ದದ್ದನ್ನು ದೇವರ ಶಕ್ತಿಯಿಂದ ಅನುವಾದ ಮಾಡಿದೆ ಅಂತ ಹೇಳಿದರು. ಕ್ರಿ.ಪೂ. 600ರ ಹೊತ್ತಿಗೆ ಲೀಹೈ ಎಂಬ ಪ್ರವಾದಿಯ ಕುಟುಂಬ ಜೆರುಸಲೇಮ್ ಬಿಟ್ಟು, ಅರೇಬಿಯಾ ದಾಟಿ, ಹಡಗಿನಲ್ಲಿ ಅಮೆರಿಕಕ್ಕೆ ಬಂತು, ಅವರ ವಂಶದ ಕಥೆ ಇದು ಅನ್ನುತ್ತದೆ ಗ್ರಂಥ.

ತಗಡುಗಳು ಈಗ ಇಲ್ಲ, ದೇವದೂತ ವಾಪಸ್ ತೆಗೆದುಕೊಂಡ ಅಂತ ನಂಬಿಕೆ. ಹಾಗಾಗಿ ಗ್ರಂಥ ಪ್ರಾಚೀನ ಅಂತ ವಾದಿಸುವವರು ಹೆಚ್ಚಾಗಿ ಹೋಲಿಕೆ ಹುಡುಕುತ್ತಾರೆ. ಈ ಹೆಸರು ಹೀಬ್ರೂನಲ್ಲಿದೆ, ಈ ವಾಕ್ಯದ ಧಾಟಿ ಹೀಬ್ರೂನದು, ಈ ಕಲ್ಲಿನ ಚಿತ್ರ ಗ್ರಂಥದಲ್ಲಿ ಬರುವ ಕನಸಿನ ಥರ ಇದೆ. ನನಗೆ ಈ ದಾರಿಯ ಮೇಲೆ ನಂಬಿಕೆ ಇಲ್ಲ. ಸ್ಯಾಮ್ಯುಯೆಲ್ ಸ್ಯಾಂಡ್‌ಮೆಲ್ ಎಂಬ ರಬ್ಬಿ 1961ರಲ್ಲೇ ಬೈಬಲ್ ವಿದ್ವಾಂಸರ ಮುಂದೆ ಇದರ ಬಗ್ಗೆ ಮಾತಾಡಿದ್ದರು. ಎರಡು ಪಠ್ಯ ಒಂದೇ ಥರ ಕಂಡ ಕೂಡಲೇ ಒಂದರಿಂದ ಇನ್ನೊಂದು ಬಂತು ಅನ್ನುವ ಗೀಳು ಬಿಡಿ ಅಂತ. ಅದು ಮಾರ್ಮನ್ನರಿಗೆ ಹೇಳಿದ್ದಲ್ಲ, ಆದರೆ ಇಲ್ಲಿಗೂ ಸರಿಯಾಗಿ ಹೊಂದುತ್ತದೆ.

ಸಂಪಿಗೆಮರ
ನಾನು ಮಾರ್ಮನ್ ಸಭೆಯ ಸದಸ್ಯೆ, ಬೆಂಗಳೂರಿನವಳು. 2018ರಲ್ಲಿ ನಮ್ಮೂರಿಗೆ ದೇವಾಲಯ ಬರುತ್ತದೆ ಅಂತ ಘೋಷಣೆ ಆದಾಗ ಖುಷಿಗೆ ಅತ್ತಿದ್ದೆ. ನನ್ನ ನಂಬಿಕೆ ಹೋಲಿಕೆಗಳ ಮೇಲೆ ನಿಂತಿಲ್ಲ, ಅದು ಪ್ರಾರ್ಥನೆಯಿಂದ ಬಂದದ್ದು. ಆದರೂ ನಹೋಮ್ ವಿಷಯವನ್ನು ಹಾಗೆ ತಳ್ಳಿಹಾಕಲು ಆಗಲ್ಲ ಸರ್.

ಗ್ರಂಥದಲ್ಲಿ ಇಷ್ಮಾಯೇಲ್ ಎಂಬ ಹಿರಿಯರು ದಾರಿಯಲ್ಲಿ ತೀರಿಕೊಳ್ಳುತ್ತಾರೆ. 'ನಹೋಮ್ ಎಂದು ಕರೆಯುತ್ತಿದ್ದ' ಜಾಗದಲ್ಲಿ ಅವರನ್ನು ಹೂಳುತ್ತಾರೆ. ಆಮೇಲೆ ಗುಂಪು ಪೂರ್ವಕ್ಕೆ ತಿರುಗುತ್ತದೆ. ಯೆಮನ್ ದೇಶದ ಮಾರಿಬ್ ಹತ್ತಿರ ಬರಾನ್ ದೇಗುಲದಲ್ಲಿ ಜರ್ಮನ್ ಪುರಾತತ್ವದವರಿಗೆ ಒಂದು ಬಲಿಪೀಠ ಸಿಕ್ಕಿತು, ಕ್ರಿ.ಪೂ. 7-6ನೇ ಶತಮಾನದ್ದು. ಅದನ್ನು ಕೊಟ್ಟವನು ನಿಹ್ಮ್ ಬುಡಕಟ್ಟಿನವನು ಅಂತ ಅದರ ಮೇಲೆ ಕೆತ್ತಿದೆ. ಆ ಲಿಪಿಯಲ್ಲಿ ಸ್ವರ ಬರೆಯುವುದಿಲ್ಲ, ವ್ಯಂಜನ ಮಾತ್ರ. ನ-ಹ-ಮ, ಮೂರೂ ವ್ಯಂಜನ ಸರಿ. ಕಾಲ ಸರಿ. ಹಳೆಯ ಧೂಪದ ವ್ಯಾಪಾರದ ದಾರಿ ಪೂರ್ವಕ್ಕೆ ತಿರುಗುವುದೂ ಆ ಭಾಗದಲ್ಲೇ. 1829ರಲ್ಲಿ ಹೊಲದಲ್ಲಿ ದುಡಿಯುತ್ತಿದ್ದ ಹುಡುಗನಿಗೆ ಇದು ಹೇಗೆ ಗೊತ್ತಾಯಿತು ಹೇಳಿ?

ತುಂಗಾತೀರ
ಮೇಡಂ, ಇರುವುದರಲ್ಲಿ ಗಟ್ಟಿ ಉದಾಹರಣೆಯನ್ನೇ ತಂದಿದ್ದೀರಿ. ಬಲಿಪೀಠ ನಿಜ, ನಿಹ್ಮ್ ಜನ ನಿಜ, ಕಾಲವೂ ನಿಜ.

ಆದರೆ ಆ 'ಹ' ಯಾವ ಹ ಅಂತ ನೋಡಬೇಕು. ಹೀಬ್ರೂ, ಅರಬ್ಬಿ ಸೇರಿದ ಸೆಮಿಟಿಕ್ ಭಾಷೆಗಳಲ್ಲಿ ಮೃದುವಾದ ಹ ಬೇರೆ, ಗಂಟಲಿನಿಂದ ಬರುವ ಹ ಬೇರೆ. ಮಾರಿಬ್ ಶಾಸನದಲ್ಲಿ ಇರುವುದು ಮೃದು ಹ. ಹೀಬ್ರೂನಲ್ಲಿ ಸಾಂತ್ವನ, ಶೋಕ ಅನ್ನುವ ಅರ್ಥದ ಧಾತುವಿನಲ್ಲಿ ಇರುವುದು ಗಂಟಲಿನ ಹ. ನಮಗೆ ಬೆಲೆಯೂ ಬೆಳೆಯೂ ಬೇರೆ ಅಲ್ವಾ? ಲ, ಳ ಎರಡನ್ನೂ ಒಂದೇ ಅಕ್ಷರದಲ್ಲಿ ಬರೆಯುವ ಇಂಗ್ಲಿಷಿನವನಿಗೆ ಎರಡೂ ಒಂದೇ. ಇಲ್ಲೂ ಹಾಗೇ ಆಗಿದೆ. ನಹೋಮ್ ಅಂದರೆ ಶೋಕದ ಜಾಗ, ಅಲ್ಲೇ ಹೆಣ್ಣುಮಕ್ಕಳು ಅತ್ತರು ಅಂತ ಗ್ರಂಥದಲ್ಲೂ ಇದೆ, ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ ಅಂತ ಗ್ರಂಥದ ಪರ ವಾದಿಸುವವರು ಒಂದು ಕಡೆ ಬರೆಯುತ್ತಾರೆ. ಇನ್ನೊಂದು ಕಡೆ ಅದೇ ನಿಹ್ಮ್ ಅನ್ನುತ್ತಾರೆ. ಒಂದು ಹ ಇಟ್ಟುಕೊಂಡರೆ ಇನ್ನೊಂದು ಕೈಬಿಡುತ್ತದೆ. ಹೊರಗಿನವರು ಆ ಜಾಗದ ಹೆಸರನ್ನು ತಮ್ಮ ಧಾತುವಿನಂತೆ ಕೇಳಿಸಿಕೊಂಡರು ಅಂತ ಉತ್ತರ ಕೊಡಬಹುದು. ಕೊಡಲಿ, ಆದರೆ ಅಲ್ಲಿಗೆ ಹೋಲಿಕೆ ಸ್ವಲ್ಪ ಸಡಿಲವಾಯಿತು.

ಇನ್ನು ಆ ಹೆಸರು 18ನೇ ಶತಮಾನದ ಯುರೋಪಿನ ಭೂಪಟಗಳಲ್ಲೇ ಇತ್ತು. ಕಾರ್ಸ್ಟನ್ ನೀಬೂರ್ ಯೆಮನ್‌ಗೆ ಹೋಗಿಬಂದು ಮಾಡಿದ ಪಟದಲ್ಲೂ ಇದೆ. ಸ್ಮಿತ್ ಆ ಪಟ ನೋಡಿದ್ದರು ಅನ್ನುವುದಕ್ಕೆ ಪುರಾವೆ ಇಲ್ಲ, ಹಾಗಾಗಿ ನೋಡಿದರು ಅಂತ ನಾನು ಹೇಳುವುದಿಲ್ಲ.

ನನ್ನ ದೊಡ್ಡ ತಕರಾರು ಬೇರೆ. ಗ್ರಂಥದಲ್ಲಿ ನೂರಾರು ಹೆಸರುಗಳಿವೆ. ಮಾವಿನಮರಕ್ಕೆ ನೂರು ಕಲ್ಲು ಎಸೆದರೆ ಒಂದೆರಡು ಕಾಯಿ ಬಿದ್ದೇ ಬೀಳುತ್ತವೆ. ಬಿದ್ದ ಕಾಯಿ ತೋರಿಸುವವರು ಎಸೆದ ಕಲ್ಲನ್ನೂ ಎಣಿಸಬೇಕು. ಗ್ರಂಥದ ಪ್ರಕಾರ ಯೇಸು ಅಮೆರಿಕಕ್ಕೆ ಬಂದು ಅಲ್ಲಿ ಆರಿಸಿದ ಶಿಷ್ಯರ ಪಟ್ಟಿಯಲ್ಲಿ ತಿಮೊಥಿ ಅನ್ನುವ ಗ್ರೀಕ್ ಹೆಸರು ಬರುತ್ತದೆ. ಕ್ರಿ.ಪೂ. 600ಕ್ಕೆ ಜೆರುಸಲೇಮ್ ಬಿಟ್ಟವರ ವಂಶದಲ್ಲಿ ಅದು ಹೇಗೆ ಬಂತು? ಹೋಲಿಕೆಗಳ ಪಟ್ಟಿಯಲ್ಲಿ ಇದನ್ನು ಯಾರೂ ಸೇರಿಸುವುದಿಲ್ಲ.

ನೇರಮಾತು
ಇಷ್ಟು ಯಾಕೆ ಎಳೆಯುತ್ತೀರಿ? ಎಲ್ಲ ಕದ್ದದ್ದು. 1823ರಲ್ಲಿ ಈಥನ್ ಸ್ಮಿತ್ ಎಂಬ ಪಾದ್ರಿ 'ವ್ಯೂ ಆಫ್ ದಿ ಹೀಬ್ರೂಸ್' ಅಂತ ಪುಸ್ತಕ ಬರೆದ, ಅಮೆರಿಕದ ಮೂಲನಿವಾಸಿಗಳು ಇಸ್ರೇಲಿನಿಂದ ಬಂದವರು ಅಂತ. ಅವನಿದ್ದ ಊರು ವರ್ಮಾಂಟ್‌ನ ಪೋಲ್ಟ್ನಿ. ಜೋಸೆಫ್ ಸ್ಮಿತ್ ಹೇಳಿದ್ದನ್ನು ಬರೆದುಕೊಂಡ ಆಲಿವರ್ ಕೌಡರಿಯೂ ಅದೇ ಊರಿನಲ್ಲಿದ್ದ. ಮುಗೀತಲ್ಲ.

ತುಂಗಾತೀರ
ಮುಗಿಯಲಿಲ್ಲ ಸರ್. ಇದೂ ಅದೇ ತಪ್ಪು, ದಿಕ್ಕು ಮಾತ್ರ ತಿರುಗಿದೆ. ಆ ಎರಡು ಪುಸ್ತಕದ ನಡುವಿನ ಹೋಲಿಕೆಗಳನ್ನು ಮಾರ್ಮನ್ ಸಭೆಯ ನಾಯಕರೇ ಆಗಿದ್ದ ಬಿ. ಎಚ್. ರಾಬರ್ಟ್ಸ್ 1920ರ ದಶಕದಲ್ಲಿ ಕೂತು ಬರೆದಿಟ್ಟಿದ್ದರು. ಅದು ಅಚ್ಚಾದದ್ದು 1985ರಲ್ಲಿ. ಅದನ್ನು ಓದಿದರೆ ಆ ಕಾಲದ ಅಮೆರಿಕದಲ್ಲಿ ಈ ವಿಚಾರ ಎಲ್ಲರ ಬಾಯಲ್ಲಿತ್ತು ಅಂತ ತಿಳಿಯುತ್ತದೆ. ಕದ್ದರು ಅಂತ ತಿಳಿಯುವುದಿಲ್ಲ. ಈಥನ್ ಸ್ಮಿತ್ ಬರೆದದ್ದು ಇಸ್ರೇಲಿನ ಹನ್ನೆರಡು ಕುಲಗಳಲ್ಲಿ ಕಳೆದುಹೋದವು ಅನ್ನುವ ಹತ್ತು ಕುಲಗಳ ಬಗ್ಗೆ. ಗ್ರಂಥದಲ್ಲಿ ಬರುವುದು ಒಂದು ಸಣ್ಣ ಗುಂಪು.

ಇನ್ನೊಂದು ನೆನಪಿಡಿ. ಸಾಲಮನ್ ಸ್ಪಾಲ್ಡಿಂಗ್ ಎಂಬುವರ ಕಾದಂಬರಿಯಿಂದಲೇ ಎಲ್ಲ ಕದ್ದಿದ್ದಾರೆ ಅಂತ ವಿರೋಧಿಗಳು 50 ವರ್ಷ ಹೇಳಿಕೊಂಡು ಬಂದರು. 1884ರಲ್ಲಿ ಹೊನೊಲುಲುವಿನಲ್ಲಿ ಅವರದೊಂದು ಹಸ್ತಪ್ರತಿ ಸಿಕ್ಕಿತು. ಓದಿ ನೋಡಿದರೆ ಎರಡಕ್ಕೂ ಹೇಳಿಕೊಳ್ಳುವಂಥ ಸಂಬಂಧ ಇಲ್ಲ.

ಕಡಲಹಕ್ಕಿ
ನಾನು ಉಡುಪಿ ಕಡೆಯವಳು. ಈ ಚರ್ಚೆ ಓದುತ್ತಾ ನಮ್ಮದೇ ಒಂದು ಕಥೆ ನೆನಪಾಯಿತು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಪಪೈರಸ್ ಅನ್ನುವ ಜೊಂಡಿನ ಹಾಳೆಯಲ್ಲಿ ಬರೆದ ಒಂದು ಗ್ರೀಕ್ ಪ್ರಹಸನ ಸಿಕ್ಕಿತು, 1903ರಲ್ಲಿ ಅಚ್ಚಾಯಿತು. ಕಥೆ ನಡೆಯುವುದು ಭಾರತದ ಯಾವುದೋ ಕಡಲ ತೀರದಲ್ಲಿ. ಅದರಲ್ಲಿ ಅರ್ಥವಾಗದ ಕೆಲವು ಮಾತುಗಳಿವೆ. ಶಾಸನ ವಿದ್ವಾಂಸ ಹುಲ್ಟ್ಷ್ ಅವರು ಅದು ಕನ್ನಡ ಅಂದರು. ಅರ್ಥಶಾಸ್ತ್ರ ಹುಡುಕಿಕೊಟ್ಟ ನಮ್ಮ ಆರ್. ಶಾಮಶಾಸ್ತ್ರಿಗಳೂ ಕನ್ನಡ ಅಂದರು. ಬಾರ್ನೆಟ್ ಎಂಬ ಇನ್ನೊಬ್ಬ ವಿದ್ವಾಂಸರು ಒಪ್ಪಲಿಲ್ಲ. ಆಮೇಲೆ ತುಳು ಅಂತ ಬಂತು. ನನಗೆ ತುಳು ಅಂದಾಗ ಎಷ್ಟು ಹೆಮ್ಮೆ ಆಗಿತ್ತು ಗೊತ್ತಾ! ಆದರೆ ಒಂದೇ ಸಾಲನ್ನು ಒಬ್ಬರು ಕನ್ನಡವಾಗಿ, ಇನ್ನೊಬ್ಬರು ತುಳುವಾಗಿ ಒಡೆಯಬಹುದು ಅಂದರೆ ಒಡೆಯುವವರ ಕೈಯಲ್ಲಿ ಸಿಕ್ಕಾಪಟ್ಟೆ ಸಲಿಗೆ ಇದೆ ಅಂತ ಅರ್ಥ. ಹಾಗಾಗಿ ಸಂಪಿಗೆಮರ ಅವರ ಆಸೆ ನನಗೆ ಅರ್ಥವಾಗುತ್ತದೆ. ನಮ್ಮದು ಅನ್ನುವುದು ಹಳೆಯದಾಗಿರಲಿ ಅಂತ ಎಲ್ಲರಿಗೂ ಇರುತ್ತದೆ.

ಸಂಪಿಗೆಮರ
ಹಾಗೆ ಹೇಳಿದ್ದಕ್ಕೆ ಥ್ಯಾಂಕ್ಸ್. ಹೆಸರು ಬಿಡಿ, ರಚನೆಗೆ ಏನು ಹೇಳುತ್ತೀರಿ? ನಮ್ಮ ಸಭೆಯ ಜಾನ್ ವೆಲ್ಚ್ 1967ರಲ್ಲಿ ಜರ್ಮನಿಯಲ್ಲಿ ಮಿಷನರಿ ಆಗಿದ್ದಾಗ ಗ್ರಂಥದಲ್ಲಿ ಕಯಾಸ್ಮಸ್ ಕಂಡುಹಿಡಿದರು. ಅಂದರೆ ವಿಷಯಗಳು ಒಂದು, ಎರಡು, ಮೂರು ಅಂತ ಹೋಗಿ ಮೂರು, ಎರಡು, ಒಂದು ಅಂತ ವಾಪಸ್ ಬರುವುದು, ಕನ್ನಡಿಯ ಹಾಗೆ. ಗ್ರಂಥದೊಳಗಿನ ಆಲ್ಮಾ ಎಂಬ ಭಾಗದ 36ನೇ ಅಧ್ಯಾಯ ಪೂರ್ತಿ ಹಾಗಿದೆ, ನಟ್ಟನಡುವೆ ಯೇಸುವಿನ ಹೆಸರು. ಇದು ಹೀಬ್ರೂ ಕಾವ್ಯದ ಗುರುತು.

ತುಂಗಾತೀರ
ಹೀಬ್ರೂನಲ್ಲಿ ಇದೆ, ಹೀಬ್ರೂನಲ್ಲಿ ಮಾತ್ರ ಇಲ್ಲ. ಊರಿಂದ ಹೊರಟು ಪೇಟೆಗೆ ಹೋಗಿ ಬಂದ ಕಥೆ ಯಾರು ಹೇಳಿದರೂ ಮನೆ, ಬಸ್ಸು, ಪೇಟೆ, ಬಸ್ಸು, ಮನೆ ಅಂತಲೇ ಆಗುತ್ತದೆ. ಬೈಬಲ್ಲಿನಿಂದ ಕಲಿತದ್ದು ಅಂದರೂ ಹೀಬ್ರೂ ಬೇಕಿಲ್ಲ. ಬೈಬಲ್ಲಿನ ಯೆಶಾಯ ಪುಸ್ತಕದ 6:10 ನೋಡಿ. ಹೃದಯ, ಕಿವಿ, ಕಣ್ಣು, ಮತ್ತೆ ಕಣ್ಣು, ಕಿವಿ, ಹೃದಯ. ಇದು ಇಂಗ್ಲಿಷ್ ಬೈಬಲ್ಲಿನಲ್ಲೂ ಹಾಗೇ ಉಳಿದಿದೆ, ಕನ್ನಡದಲ್ಲಿ ಹೇಳಿದರೂ ಉಳಿಯುತ್ತದೆ. ಬೈಬಲ್ ಕೇಳಿಕೊಂಡೇ ಬೆಳೆದವರ ಬಾಯಿಗೆ ಆ ಧಾಟಿ ತಾನಾಗಿಯೇ ಬರುತ್ತದೆ. ಸ್ಮಿತ್ ತಮ್ಮ ಕಾಲದ ಜನರಿಗೆ ದೇವರ ಮಾತು ಅಂತ ಕೊಟ್ಟ ಪ್ರಕಟಣೆಗಳಲ್ಲೂ ಇಂಥ ರಚನೆಗಳನ್ನು ತೋರಿಸಿದವರಿದ್ದಾರೆ. ಅವು ಯಾವ ತಗಡಿನಿಂದಲೂ ಬಂದದ್ದಲ್ಲ.

ನನ್ನನ್ನು ಜಾಸ್ತಿ ಕಾಡುವುದು ಇದು. ಗ್ರಂಥದಲ್ಲಿ ಯೆಶಾಯನ ಎಷ್ಟೋ ಅಧ್ಯಾಯಗಳು ಕಿಂಗ್ ಜೇಮ್ಸ್ ಬೈಬಲ್ ಅನ್ನುವ 1611ರ ಇಂಗ್ಲಿಷ್ ಅನುವಾದದ ಮಾತುಗಳಲ್ಲೇ ಇವೆ. ಯೇಸು ಬೆಟ್ಟದ ಮೇಲೆ ಮಾಡಿದ ಪ್ರಸಂಗವೂ ಇದೆ. ಯೇಸು ಕಲಿಸಿದ ಕರ್ತನ ಪ್ರಾರ್ಥನೆಯ ಕೊನೆಯಲ್ಲಿ 'ರಾಜ್ಯವೂ ಬಲವೂ ಮಹಿಮೆಯೂ ನಿನ್ನದೇ' ಅನ್ನುವ ಸಾಲಿದೆಯಲ್ಲ, ಮತ್ತಾಯನ ಸುವಾರ್ತೆಯ ಅತಿ ಹಳೆಯ ಗ್ರೀಕ್ ಪ್ರತಿಗಳಲ್ಲಿ ಅದು ಇಲ್ಲ. ಕಿಂಗ್ ಜೇಮ್ಸ್‌ನಲ್ಲಿ ಇದೆ, ಮಾರ್ಮನ್ ಗ್ರಂಥದಲ್ಲೂ ಇದೆ. ಇದು ದೂರದ ಹೋಲಿಕೆ ಅಲ್ಲ, ಸಾಲಿಗೆ ಸಾಲು ಬಂದದ್ದು.

ಸಂಪಿಗೆಮರ
ಓದುವವರಿಗೆ ಪರಿಚಯದ ಮಾತಿನಲ್ಲೇ ದೇವರು ಅನುವಾದ ಕೊಟ್ಟರು ಅಂತ ನಾವು ತಿಳಿಯುತ್ತೇವೆ. ಅದರಲ್ಲಿ ತಪ್ಪೇನು?

ತುಂಗಾತೀರ
ತಪ್ಪು ಅನ್ನುತ್ತಿಲ್ಲ. ಆದರೆ ಹಾಗೆ ಒಪ್ಪಿದ ಮೇಲೆ ಭಾಷೆಯ ಪುರಾವೆ ಕೈಬಿಡಬೇಕಾಗುತ್ತದೆ. ವಾಕ್ಯದಲ್ಲಿ ಹೀಬ್ರೂ ಧಾಟಿ ಕಂಡಾಗ ಅದು ತಗಡಿನಲ್ಲಿದ್ದ ಪದಕ್ಕೆ ಪದ ಅನುವಾದ, ಕಿಂಗ್ ಜೇಮ್ಸ್‌ನ ಸಾಲು ಕಂಡಾಗ ಅದು ಭಾವಾನುವಾದ. ಎರಡೂ ಒಂದೇ ಪುಸ್ತಕದಲ್ಲಿ ಬೇಕಾದಾಗ ಬೇಕಾದ್ದು ಆಗುವುದು ಹೇಗೆ? ಯಾವ ಸಾಲು ಯಾವ ಬಗೆ ಅಂತ ಮೊದಲೇ ಹೇಳುವ ನಿಯಮ ಒಂದಿದ್ದರೆ ನಾನು ಕೂತು ಕೇಳುತ್ತೇನೆ, ನಿಜವಾಗಿಯೂ.

ಸಂಪಿಗೆಮರ
ಆ ಪ್ರಶ್ನೆಗೆ ಈಗ ನನ್ನ ಹತ್ತಿರ ಉತ್ತರ ಇಲ್ಲ. ಒಂದೇ ಕೇಳುತ್ತೇನೆ. ಆಲ್ಮಾ ಅಂದರೆ ಹೆಣ್ಣಿನ ಹೆಸರು, ಗಂಡಿಗೆ ಇಟ್ಟಿದ್ದಾರೆ ಅಂತ ಎಷ್ಟು ಜನ ನಕ್ಕಿದ್ದರು. ಆಮೇಲೆ ಮೃತ ಸಮುದ್ರದ ಹತ್ತಿರದ ಗುಹೆಯಲ್ಲಿ ಕ್ರಿ.ಶ. 130ರ ದಶಕದಲ್ಲಿ ರೋಮನ್ನರ ವಿರುದ್ಧ ದಂಗೆ ಎದ್ದ ಬಾರ್ ಕೋಖ್ಬಾನ ಕಾಲದ ಪತ್ರದಲ್ಲಿ ಅದು ಗಂಡಿನ ಹೆಸರಾಗಿ ಸಿಕ್ಕಿತು. ಅದನ್ನಾದರೂ ಒಪ್ಪುತ್ತೀರಾ?

ತುಂಗಾತೀರ
ಒಪ್ಪುತ್ತೇನೆ. ನಕ್ಕವರು ತಪ್ಪು ಮಾಡಿದರು, ಆ ಆಕ್ಷೇಪ ಅಲ್ಲಿಗೆ ಬಿತ್ತು. ಪತ್ರ ಲೀಹೈಗಿಂತ ಸುಮಾರು 700 ವರ್ಷ ಈಚಿನದು, ಹಾಗಾಗಿ ಅದನ್ನು ಪುರಾವೆ ಅನ್ನಲಾರೆ. ಆದರೆ ಆ ಹೆಸರಿನ ಮೇಲೆ ಇನ್ನು ನಾನು ತಕರಾರು ಎತ್ತುವುದಿಲ್ಲ.

ಸಂಪಿಗೆಮರ
ಸಾಕು. ಈ ಭಾನುವಾರ ಆಲ್ಮಾ 36 ಮತ್ತೆ ಓದುತ್ತೇನೆ. 30 ವಚನ ಇದೆ. ಕನ್ನಡಿಗೆ ಹೊಂದುವ ಸಾಲಿಗೆ ಹಸಿರು, ಹೊಂದದೆ ಉಳಿಯುವ ಸಾಲಿಗೆ ಕೆಂಪು ಗೆರೆ ಎಳೆಯುತ್ತೇನೆ. ಕೆಂಪು ಎಷ್ಟು ಬಂತು ಅಂತ ಇಲ್ಲೇ ಬಂದು ಹೇಳುತ್ತೇನೆ.

ಕಡಲಹಕ್ಕಿ
ನಾನೂ ಎಳೆಯುತ್ತೇನೆ. ಒಬ್ಬರ ಗೆರೆ ಇನ್ನೊಬ್ಬರು ನೋಡದೆ ಮಾಡೋಣ, ಆಮೇಲೆ ಹೋಲಿಸಿ ನೋಡೋಣ.