ಒಂದೇ ಆರೋಗ್ಯ ವಿಮೆ, ಮೂರು ವೆಬ್‌ಸೈಟ್‌ನಲ್ಲಿ ಮೂರು ಪ್ರೀಮಿಯಂ: ಯಾವುದನ್ನು ನಂಬುವುದು?

ಪ್ರಶ್ನೆ
ಅಪ್ಪ ಅಮ್ಮನಿಗೆ ಆರೋಗ್ಯ ವಿಮೆ ಹುಡುಕುತ್ತಿದ್ದೇನೆ. ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆ. ಎರಡು ಹೋಲಿಕೆ ಸೈಟ್‌ಗಳಲ್ಲಿ ಒಂದೇ ಪ್ಲಾನ್‌ಗೆ ಬೇರೆ ಬೇರೆ ಪ್ರೀಮಿಯಂ, ಕಂಪನಿಯ ಸೈಟ್‌ನಲ್ಲಿ ಇನ್ನೊಂದು. ಪಾಲಿಸಿಯ ಪಿಡಿಎಫ್ ತೆರೆದರೆ 40 ಪುಟ. ಏನನ್ನು ಓದಲೇಬೇಕು?

ಉತ್ತರ 1
ಸಾಮಾನ್ಯ ಕಾರಣ, ಮೊದಲೇ ಟಿಕ್ ಆಗಿರುವ ಆಯ್ಕೆಗಳು. ಒಂದು ಸೈಟ್ ರೈಡರ್ (ಹೆಚ್ಚುವರಿ ಹಣಕ್ಕೆ ಸಿಗುವ ಹೆಚ್ಚುವರಿ ರಕ್ಷಣೆ) ಸೇರಿಸಿರುತ್ತದೆ, ಇನ್ನೊಂದು ಡಿಡಕ್ಟಿಬಲ್ (ಕಂಪನಿ ಕೊಡುವ ಮೊದಲು ನೀವೇ ಭರಿಸಬೇಕಾದ ನಿಗದಿತ ಮೊತ್ತ) ಏರಿಸಿ ಪ್ರೀಮಿಯಂ ಇಳಿಸಿರುತ್ತದೆ. ಎರಡು ವರ್ಷದ್ದನ್ನು ಒಟ್ಟಿಗೆ ಕಟ್ಟಿದರೆ ಸಿಗುವ ರಿಯಾಯಿತಿ ಕಳೆದು ತಿಂಗಳ ಲೆಕ್ಕ ತೋರಿಸುವವರೂ ಇದ್ದಾರೆ. ಹುಟ್ಟಿದ ದಿನಾಂಕ, ವಿಮಾ ಮೊತ್ತ, ಅವಧಿ, ಡಿಡಕ್ಟಿಬಲ್, ಕೋ-ಪೇ (ಬಿಲ್‌ನಲ್ಲಿ ನೀವು ಕೊಡಬೇಕಾದ ಶೇಕಡಾವಾರು ಪಾಲು), ರೈಡರ್ ಇವಿಷ್ಟನ್ನೂ ಮೂರೂ ಕಡೆ ಒಂದೇ ಮಾಡಿ ನೋಡಿ.

ಕಾಯಿಲೆಯ ವಿವರ ಕೇಳುವ ಕಡೆ ಸಕ್ಕರೆ ಕಾಯಿಲೆಯನ್ನು ನಮೂದಿಸಿಯೇ ಪ್ರೀಮಿಯಂ ತೆಗೆಯಿರಿ. ಅದನ್ನು ಬಿಟ್ಟು ಬಂದ ಅಂಕಿ ನಿಮ್ಮದಲ್ಲ. ಮುಚ್ಚಿಟ್ಟರೆ ಕ್ಲೇಮ್ ಹೊತ್ತಿಗೆ ಹಳೆಯ ರಕ್ತಪರೀಕ್ಷೆಯ ವರದಿ ಎದ್ದು ಬಂದು ಪಾಲಿಸಿಯೇ ರದ್ದಾಗಬಹುದು.

ಹೋಲಿಕೆ ಸೈಟ್‌ಗಳಿಗೆ ಹಲವೆಡೆ ಕಮಿಷನ್ ಬರುತ್ತದೆ, ಒಪ್ಪಂದವಿಲ್ಲದ ಕಂಪನಿ ಪಟ್ಟಿಯಲ್ಲೇ ಇರುವುದಿಲ್ಲ. ಹುಡುಕಲು ಬಳಸಿ, ತೀರ್ಮಾನಕ್ಕೆ ಬೇಡ.

ಉತ್ತರ 2
40 ಪುಟವನ್ನೂ ಸಾಲಾಗಿ ಓದಬೇಕಿಲ್ಲ. ಕರಪತ್ರ ಬಿಟ್ಟು, ಪೂರ್ಣ ಷರತ್ತುಗಳಿರುವ ‘ಪಾಲಿಸಿ ವರ್ಡಿಂಗ್’ ಎಂಬ ಪಿಡಿಎಫ್ ಇಳಿಸಿಕೊಳ್ಳಿ. ಪ್ಲಾನ್ ಹೆಸರಿನ ಜೊತೆ ಆವೃತ್ತಿಯೂ ತಾಳೆಯಾಗಲಿ, ಹಳೆಯ ಕಡತಗಳು ಗೂಗಲ್‌ನಲ್ಲಿ ಉಳಿದಿರುತ್ತವೆ. ಆಮೇಲೆ ವೇಟಿಂಗ್ ಪೀರಿಯಡ್ (ಕ್ಲೇಮ್ ಸಿಗದ ಆರಂಭದ ಅವಧಿ), ಎಕ್ಸ್‌ಕ್ಲೂಷನ್ (ವಿಮೆಗೆ ಒಳಪಡದ ಖರ್ಚು), ಸಬ್-ಲಿಮಿಟ್ (ನಿರ್ದಿಷ್ಟ ಖರ್ಚಿಗೆ ಪ್ರತ್ಯೇಕ ಮಿತಿ), ಕೋ-ಪೇ, ರೂಮ್ ರೆಂಟ್ ಎಂಬ ಪದಗಳನ್ನು ಸರ್ಚ್ ಮಾಡಿ. ಸ್ಕ್ಯಾನ್ ಮಾಡಿದ ಪಿಡಿಎಫ್‌ನಲ್ಲಿ ಸರ್ಚ್ ನಡೆಯದು. ‘ಸಿಗಲಿಲ್ಲ’ ಎಂದು ಬಂದ ಮಾತ್ರಕ್ಕೆ ಆ ಷರತ್ತು ಇಲ್ಲ ಎಂದುಕೊಳ್ಳಬೇಡಿ.

ಅಮ್ಮನ ವಿಷಯದಲ್ಲಿ ಮುಖ್ಯವಾದದ್ದು ಹಳೆಯ ಕಾಯಿಲೆಯ ವೇಟಿಂಗ್ ಪೀರಿಯಡ್. ಸಕ್ಕರೆಯಿಂದ ಬರುವ ಕಿಡ್ನಿ, ಕಣ್ಣಿನ ತೊಂದರೆಗಳೂ ಅದರೊಳಗೇ ಬರುತ್ತವೆಯೇ ಎಂದು ವ್ಯಾಖ್ಯೆಗಳ ಭಾಗದಲ್ಲಿ ನೋಡಿ.

ರೂಮ್ ಬಾಡಿಗೆ ಮಿತಿಯಲ್ಲಿ ಅನೇಕರು ಮೋಸಹೋಗುತ್ತಾರೆ. ಮಿತಿಯ ಎರಡು ಪಟ್ಟು ಬಾಡಿಗೆಯ ರೂಮ್ ತೆಗೆದುಕೊಂಡರೆ ಬಾಡಿಗೆಯ ವ್ಯತ್ಯಾಸ ಮಾತ್ರ ನಿಮ್ಮ ಮೇಲೆ ಬೀಳುತ್ತದೆ ಎಂಬ ಭಾವನೆ ತಪ್ಪು. ‘ಪ್ರೊಪೋರ್ಷನೇಟ್ ಡಿಡಕ್ಷನ್’ (ಅದೇ ಅನುಪಾತದ ಕಡಿತ) ಷರತ್ತಿದ್ದರೆ ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸೆಯಂಥ ಖರ್ಚುಗಳಲ್ಲೂ ಅರ್ಧ ಕಡಿತವಾಗುತ್ತದೆ.

ಪ್ರಶ್ನೆ ಕೇಳಿದವರು
ಡಿಡಕ್ಟಿಬಲ್, ಕೋ-ಪೇ ಎರಡೂ ಇದ್ದರೆ ಮೊದಲು ಯಾವುದು ಕಳೆಯುತ್ತದೆ?

ಉತ್ತರ 3
ಹೆಚ್ಚಿನ ಪ್ಲಾನ್‌ಗಳಲ್ಲಿ ಡಿಡಕ್ಟಿಬಲ್ ಮೊದಲು. ಬಿಲ್ 100 ಎಂದುಕೊಳ್ಳಿ, ಡಿಡಕ್ಟಿಬಲ್ 20, ಕೋ-ಪೇ ಶೇ. 10. ಉಳಿದ 80ರಲ್ಲಿ 8 ಕೋ-ಪೇ. ನಿಮ್ಮ ಪಾಲು 28, ಕಂಪನಿಯದು 72. ಡಿಡಕ್ಟಿಬಲ್ ವರ್ಷಕ್ಕೊಮ್ಮೆಯೋ ಪ್ರತಿ ಕ್ಲೇಮ್‌ಗೋ ಎಂಬುದನ್ನೂ ನೋಡಿ. ವರ್ಷದಲ್ಲಿ ಮೂರು ಸಲ ದಾಖಲಾದರೆ ಅದು 20 ಅಥವಾ 60.

ನೆಟ್‌ವರ್ಕ್ ಆಸ್ಪತ್ರೆಗಳ (ವಿಮಾ ಕಂಪನಿಯೊಂದಿಗೆ ಒಪ್ಪಂದವಿರುವ ಆಸ್ಪತ್ರೆಗಳ) ಆನ್‌ಲೈನ್ ಪಟ್ಟಿ ಹಳೆಯದಾಗಿರಬಹುದು. ಆಸ್ಪತ್ರೆಯ ವಿಮಾ ಕೌಂಟರ್‌ಗೆ ಫೋನ್ ಮಾಡಿ, ಕಂಪನಿಯ ಹೆಸರಷ್ಟೇ ಹೇಳದೆ ಪ್ಲಾನ್‌ನ ಪೂರ್ಣ ಹೆಸರು ಹೇಳಿ ಕೇಳಿ. ಒಂದೇ ಕಂಪನಿಯ ಎರಡು ಪ್ಲಾನ್‌ಗಳಿಗೆ ಬೇರೆ ಬೇರೆ ನೆಟ್‌ವರ್ಕ್ ಇರುವುದುಂಟು.