ಟಾರ್ನೆಡೊ ‘ವಾಚ್’ ಮತ್ತು ‘ವಾರ್ನಿಂಗ್’: ಕನ್ನಡದಲ್ಲಿ ಹೇಗೆ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಒಹಾಯೊದಲ್ಲಿ ಮಕ್ಕಳ ಮನೆಗೆ ಬಂದು ಕೆಲವು ತಿಂಗಳು ಉಳಿಯುವ ನಮ್ಮ ಹಿರಿಯರಿಗಾಗಿ ಟಾರ್ನೆಡೊ (ಗುಡುಗು ಮೋಡದಿಂದ ನೆಲದವರೆಗೆ ಇಳಿಯುವ ಭೀಕರ ಸುಳಿಗಾಳಿ) ಕುರಿತು ಒಂದು ಪುಟದ ಕರಪತ್ರ ಬರೆಯುತ್ತಿದ್ದೇನೆ. 1974ರ ಏಪ್ರಿಲ್ 3ರಂದು ಇದೇ ರಾಜ್ಯದ ಝೀನಿಯಾ ಊರಿನಲ್ಲಿ 30ಕ್ಕೂ ಹೆಚ್ಚು ಜನ ಇದಕ್ಕೆ ಬಲಿಯಾಗಿದ್ದರು. ಆದ್ದರಿಂದ ಪದ ತಪ್ಪಾದರೆ ಬರೀ ಭಾಷೆ ಕೆಟ್ಟಿತೆಂದು ಸುಮ್ಮನಿರುವಂತಿಲ್ಲ.

ಅಲ್ಲಿನ ಹವಾಮಾನ ಇಲಾಖೆ ಎರಡು ಬಗೆಯ ಸೂಚನೆ ಕೊಡುತ್ತದೆ. ‘ವಾಚ್’ ಎಂದರೆ ಟಾರ್ನೆಡೊ ಹುಟ್ಟುವಂತಹ ಹವೆ ಇದೆ ಎಂದು. ಇದನ್ನು ದೊಡ್ಡ ಪ್ರದೇಶಕ್ಕೆ, ಕೆಲವು ಗಂಟೆಗಳ ಅವಧಿಗೆ ಹೊರಡಿಸುತ್ತಾರೆ. ‘ವಾರ್ನಿಂಗ್’ ಎಂದರೆ ರೇಡಾರ್‌ನಲ್ಲಿ ಸುಳಿ ಕಂಡಿದೆ, ಇಲ್ಲವೇ ಯಾರೋ ಕಣ್ಣಾರೆ ಕಂಡು ತಿಳಿಸಿದ್ದಾರೆ. ತಕ್ಷಣ ನೆಲಮಾಳಿಗೆಗೆ ಇಳಿಯಬೇಕು. ಕನ್ನಡಕ್ಕೆ ತಂದರೆ ಎರಡೂ ಕಡೆ ‘ಎಚ್ಚರಿಕೆ’ ಬಂದು ಕೂರುತ್ತದೆ. ‘ಮುನ್ಸೂಚನೆ’ ದಿನನಿತ್ಯದ ಹವಾಮಾನ ವರದಿಯಲ್ಲಿ ಸವೆದುಹೋಗಿದೆ. ‘ಕಟ್ಟೆಚ್ಚರ’ ಎಂದೊಡನೆ ಪೊಲೀಸ್ ಬಂದೋಬಸ್ತ್ ನೆನಪಾಗುತ್ತದೆ. ಸದ್ಯಕ್ಕೆ ‘ಟಾರ್ನೆಡೊ ಸಂಭವ’, ‘ಟಾರ್ನೆಡೊ ಅಪಾಯ: ಒಳಗೆ ಇಳಿಯಿರಿ’ ಎಂದು ಇಟ್ಟುಕೊಂಡಿದ್ದೇನೆ. ಇದಕ್ಕಿಂತ ಬಿಗಿಯಾದ ಜೋಡಿ ಯಾರಿಗಾದರೂ ಹೊಳೆಯುತ್ತದೆಯೇ?

ಟಾರ್ನೆಡೊಗೆ ‘ಸುಂಟರಗಾಳಿ’ ಎನ್ನಬಹುದಲ್ಲ ಎಂದು ನೀವು ಕೇಳಬಹುದು. ನಿಘಂಟಿಗೆ ಅದು ಸರಿ, ನನಗೆ ಒಪ್ಪಿಗೆಯಿಲ್ಲ. ನಮ್ಮ ಹಿರಿಯರು ಕಂಡಿರುವ ಸುಂಟರಗಾಳಿ ಬೇಸಿಗೆಯ ಬಿಸಿಲಿನಲ್ಲಿ ಕಾದ ನೆಲದಿಂದ ಏಳುತ್ತದೆ. ಧೂಳು, ತರಗೆಲೆ ಎತ್ತಿಕೊಂಡು ಗಿರ್ರನೆ ತಿರುಗಿ ಅಡಗುತ್ತದೆ. ಅದಕ್ಕೆ ಮೋಡದ ಹಂಗಿಲ್ಲ. ಟಾರ್ನೆಡೊ ಗುಡುಗು ಮೋಡಕ್ಕೆ ಅಂಟಿಕೊಂಡೇ ನೆಲ ಮುಟ್ಟುವಂಥದ್ದು. ‘ಸುಂಟರಗಾಳಿ ಬರುತ್ತಿದೆ’ ಎಂದರೆ ಅವರು ನೋಡಲು ಅಂಗಳಕ್ಕೇ ಬಂದಾರು! ‘ಚಂಡಮಾರುತ’ ಅಂತೂ ಬೇಡ. ಅದು ಕರಾವಳಿಯವರಿಗೆ ಗೊತ್ತಿರುವ, ದಿನಗಟ್ಟಲೆ ಕಡಲಿನ ಮೇಲೆ ಬಲಿಯುವ ಬೇರೆಯೇ ಜಾತಿ.

ಇನ್ನು ‘ಸ್ಪಾಟರ್’. ರೇಡಾರ್ ಕಿರಣ ದೂರ ಹೋದಷ್ಟೂ ನೆಲದಿಂದ ಮೇಲಕ್ಕೆ ಸರಿಯುವುದರಿಂದ ಮೋಡದ ಬುಡದಲ್ಲಿ ನಡೆಯುವುದು ಅದಕ್ಕೆ ಕಾಣದು. ಅದನ್ನು ನೋಡಿ ತಿಳಿಸಲೆಂದೇ ಸ್ಕೈವಾರ್ನ್ ಯೋಜನೆಯಲ್ಲಿ ತರಬೇತಿ ಪಡೆದ ಸ್ವಯಂಸೇವಕರಿದ್ದಾರೆ. ‘ವೀಕ್ಷಕ’ ಎಂದರೆ ಚುನಾವಣೆಯವರೋ ಟಿವಿ ನೋಡುವವರೋ ತಿಳಿಯದು. ‘ಮೋಡಗಾವಲಿನವರು’ ಹೇಗೆ? ತೀರಾ ನಾಟಕೀಯವೆನಿಸಿದರೆ ಹೇಳಿ.

ಕೊನೆಯದು ‘ಫನಲ್’, ಅಂದರೆ ಎಣ್ಣೆ ಸುರಿಯುವ ಆಲಿಕೆಯ ಆಕಾರದಲ್ಲಿ ಮೋಡದಿಂದ ಕೆಳಗಿಳಿಯುವ ಸುಳಿ; ಆ ಸ್ವಯಂಸೇವಕರು ಕಂಡು ತಿಳಿಸುವುದು ಇದನ್ನೇ. ‘ಆಲಿಕೆ ಮೋಡ’ ಎಂದು ಬರೆದಿದ್ದೆ. ಪಕ್ಕದ ಸಾಲಿನಲ್ಲೇ ‘ಆಲಿಕಲ್ಲು’ ಇರುವುದರಿಂದ ಓದಿದವರೊಬ್ಬರು ಎರಡನ್ನೂ ಒಂದೇ ಎಂದುಕೊಂಡರು. ‘ಲಾಳಿಕೆ’ ಎಂದರೆ ನಿಮ್ಮ ಕಡೆ ತಿಳಿಯುತ್ತದೆಯೇ?